ಫೈಬರ್‌ಗ್ಲಾಸ್ ಬಾಡಿಯ ಹಳೆ ಕಾರುಗಳಲ್ಲಿ ತುಕ್ಕು ದುರಸ್ತಿ

ಗಾಜಿನ ನಾರು ಮತ್ತು ರೆಸಿನ್ ಸೇರಿಸಿ ಅಚ್ಚಿನಲ್ಲಿ ತೆಗೆದ ಹೊರಮೈಯ ಅಡಿಯಲ್ಲಿರುವ ಉಕ್ಕಿನ ಚಾಸಿ, ಕಂಬ ಮತ್ತು ಪಟ್ಟಿಗಳಿಗೆ ಹಿಡಿದ ತುಕ್ಕನ್ನು ಪತ್ತೆಮಾಡಿ, ಕೆಟ್ಟ ಲೋಹವನ್ನು ಕತ್ತರಿಸಿ, ಹೊಸ ಲೋಹ ಕೂರಿಸಿ, ಮತ್ತೆ ತುಕ್ಕು ಏಳದಂತೆ ಕಾಪಾಡುವ ಕೆಲಸಕ್ಕೆ ಈ ಹೆಸರು. ಫೈಬರ್‌ಗ್ಲಾಸಿಗೆ ತುಕ್ಕಿಲ್ಲ; ಅದನ್ನು ಹೊತ್ತಿರುವ ಉಕ್ಕಿಗೆ ಇದೆ. ತಗಡಿನ ಕಾರಿನಲ್ಲಿ ತುಕ್ಕು ಬಣ್ಣವನ್ನು ಉಬ್ಬಿಸಿ ಹೊರಗೆ ಕಾಣಿಸಿಕೊಳ್ಳುತ್ತದೆ. ಫೈಬರ್ ಕಾರಿನಲ್ಲಿ ಹೊರಮೈ ನುಣುಪಾಗಿಯೇ ಇದ್ದು ಒಳಗಿನ ಎಲುಬು ಸವೆದುಹೋಗಿರಬಹುದು. ಈ ದುರಸ್ತಿಯ ಎಲ್ಲ ತೊಡಕುಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಈ ಲೇಖನದಲ್ಲಿ ‘ಫೈಬರ್‌ಗ್ಲಾಸ್’ ಎಂದರೆ ಗಾಜಿನ ನಾರಿನಿಂದ ಬಲಪಡಿಸಿದ ಪಾಲಿಯೆಸ್ಟರ್ ರೆಸಿನ್. ‘ಚಾಸಿ’ ಎಂದರೆ ಎಂಜಿನ್, ಗಾಲಿ, ಬಾಡಿಗಳ ಭಾರ ಹೊರುವ ಉಕ್ಕಿನ ಮುಖ್ಯ ಚೌಕಟ್ಟು. ಕೀಲು, ಸೀಟ್‌ಬೆಲ್ಟ್, ಬೀಗಗಳ ಬೋಲ್ಟುಗಳಿಗಾಗಿ ಫೈಬರ್ ಪದರಗಳ ನಡುವೆ ಹೂತಿಟ್ಟ ಉಕ್ಕಿನ ತುಂಡು ‘ಹುದುಗುಫಲಕ’. ‘ತುಕ್ಕು’ ಎಂಬ ಮಾತು ಕಬ್ಬಿಣ ಮತ್ತು ಉಕ್ಕಿಗೆ ಮಾತ್ರ ಅನ್ವಯಿಸುತ್ತದೆ.

ಹಿನ್ನೆಲೆ

ದೊಡ್ಡ ಪ್ರಮಾಣದ ತಯಾರಿಕೆಗೆ ಫೈಬರ್‌ಗ್ಲಾಸ್ ಬಾಡಿಯನ್ನು ತಂದ ಮೊದಲ ಪ್ರಸಿದ್ಧ ಕಾರು ಅಮೆರಿಕದ ಷೆವರ್ಲೆ ಕಾರ್ವೆಟ್. 1953ರಲ್ಲಿ ಬಂದ ಈ ಕಾರಿನಲ್ಲಿ ಮೊದಲ ವರ್ಷ ತಯಾರಾದದ್ದು 300 ಮಾತ್ರ. ತಗಡನ್ನು ಒತ್ತುವ ಉಕ್ಕಿನ ಅಚ್ಚುಗಳಿಗೆ ಭಾರೀ ಬಂಡವಾಳ ಬೇಕು. ಫೈಬರ್‌ಗ್ಲಾಸಿನ ಅಚ್ಚನ್ನು ಫೈಬರ್‌ಗ್ಲಾಸಿನಲ್ಲೇ ಮಾಡಬಹುದು. ಆದ್ದರಿಂದ ಸಣ್ಣ ಕಂಪನಿಗಳು ಈ ವಿಧಾನವನ್ನು ಬೇಗ ಹಿಡಿದವು. ಇಂಗ್ಲೆಂಡಿನ ಲೋಟಸ್ 1957ರ ಎಲೀಟ್ ಕಾರಿನಲ್ಲಿ ಬಾಡಿಯನ್ನೇ ಚೌಕಟ್ಟಾಗಿಸುವ ಪ್ರಯೋಗ ಮಾಡಿತು. 1962ರ ಎಲಾನ್ ಕಾರಿನಲ್ಲಿ ಉಕ್ಕಿನ ಬೆನ್ನೆಲುಬಿಗೆ ಹೊರಳಿತು. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರನ್ನು ಹಲವರು ಈ ಗುಂಪಿಗೇ ಸೇರಿಸುತ್ತಾರೆ, ಅದು ಸರಿಯಲ್ಲ: ಅದರ ಹೊರಮೈ ಹತ್ತಿಯ ನಾರು ಮತ್ತು ಫೀನಾಲ್ ರೆಸಿನ್ನಿನದು. ಆದರೆ ಅದರ ಒಳಗಿನ ಉಕ್ಕಿಗೂ ಇದೇ ಬಗೆಯ ತುಕ್ಕು ಹಿಡಿಯುತ್ತದೆ.

ಭಾರತದಲ್ಲಿ ಫೈಬರ್ ಬಾಡಿಯ ಕಾರಿನ ಕಥೆ ಮುಖ್ಯವಾಗಿ ಬೆಂಗಳೂರಿನದು. 1970ರ ದಶಕದಲ್ಲಿ ಅಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿ ಆರಂಭವಾಗಿ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆದ ಕಂಪನಿ ಮೊದಲು ಬಾದಲ್ ಎಂಬ ಮೂರು ಗಾಲಿಯ ಕಾರನ್ನು ತಯಾರಿಸಿತು. ಅಂಬಾಸಡರ್ ಮತ್ತು ಪ್ರೀಮಿಯರ್ ಕಾರುಗಳಿಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸವನ್ನು ಆಧರಿಸಿ ಸಿಪಾನಿ 1982ರಲ್ಲಿ ಡಾಲ್ಫಿನ್ ಕಾರನ್ನು ತಂದಿತು. 848 ಸಿ.ಸಿ. ಎಂಜಿನ್, ಎರಡು ಬಾಗಿಲು, ಉಕ್ಕಿನ ಚಾಸಿ, ಅದರ ಮೇಲೆ ಫೈಬರ್ ಬಾಡಿ. ಮೂಲ ಕಿಟನ್ನಿನ ತೂಕವೇ 500 ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೆ. ಈ ಹಗುರತನದಿಂದ ಡಾಲ್ಫಿನ್ ಮೋಟಾರು ರೇಸಿನವರಿಗೆ ಪ್ರಿಯವಾಯಿತು. ಆದರೆ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಅದರ ಮಾರುಕಟ್ಟೆ ಕುಸಿಯಿತು. ಹೆಚ್ಚು ಬಾಗಿಲುಗಳ ಮೊಂಟಾನಾ ಕಾರನ್ನು ಸಿಪಾನಿ ತಂದರೂ ಸ್ಥಿತಿ ಬದಲಾಗಲಿಲ್ಲ. 1990ರ ದಶಕದ ಕೊನೆಗೆ ಬಂದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಕೂಡ ಫೈಬರ್ ಬಾಡಿಯದೇ. ಭಾರತದಲ್ಲಿ ಈ ದುರಸ್ತಿ ಬೇಡುವ ಹಳೆ ಕಾರು ಎಂದರೆ ಹೆಚ್ಚಾಗಿ ಸಿಪಾನಿಯದು. ಜೀಪುಗಳ ಫೈಬರ್ ಹುಡ್, ವ್ಯಾನು ಮತ್ತು ಬಸ್ಸುಗಳ ಫೈಬರ್ ಮುಖಭಾಗಗಳ ಒಳಪಟ್ಟಿಗಳಿಗೂ ಇದೇ ವಿಧಾನ ಒಪ್ಪುತ್ತದೆ.

ರಚನೆ

ಫೈಬರ್ ಬಾಡಿಯನ್ನು ಉಕ್ಕಿಗೆ ಜೋಡಿಸುವ ಬಗೆ ಎರಡು. ಮೊದಲನೆಯದು ಬೋಲ್ಟ್ ಜೋಡಣೆ. ಬಾಡಿ ಒಂದು ಚಿಪ್ಪಿನಂತೆ ಚಾಸಿಯ ಮೇಲೆ ಕೂರುತ್ತದೆ, ನಡುವೆ ರಬ್ಬರ್ ಬಿಲ್ಲೆಗಳಿರುತ್ತವೆ. ಡಾಲ್ಫಿನ್ ಈ ಗುಂಪಿನದು. ಬೋಲ್ಟು ಬಿಚ್ಚಿದರೆ ನಾಲ್ಕಾರು ಜನ ಸೇರಿ ಬಾಡಿಯನ್ನು ಎತ್ತಿ ಪಕ್ಕಕ್ಕಿಡಬಹುದು. ತುಕ್ಕು ದುರಸ್ತಿಯ ಮಟ್ಟಿಗೆ ಇದು ದೊಡ್ಡ ಅನುಕೂಲ.

ಎರಡನೆಯದು ಅಂಟು ಜೋಡಣೆ. ಕಾರ್ವೆಟ್ಟಿನ 1963ರಿಂದ ಬಂದ ಎರಡು ತಲೆಮಾರುಗಳಲ್ಲಿ ಚಾಸಿಯಲ್ಲದೆ ಮುಂಗಾಜು, ಬಾಗಿಲು, ಮಾಡುಗಳ ಸುತ್ತ ಉಕ್ಕಿನ ಇನ್ನೊಂದು ಪಂಜರವಿದೆ. ಫೈಬರ್ ಪ್ಯಾನೆಲ್ಲುಗಳನ್ನು ಅದಕ್ಕೆ ಅಂಟಿಸಿದ್ದಾರೆ. ಮುಂಗಾಜಿನ ಅಂಚಿನಲ್ಲಿ ಸೋರಿದ ನೀರು ಕಂಬದೊಳಗೆ ಇಳಿದು, ಕೀಲಿನ ಕಂಬದ ಬುಡವನ್ನೂ ಬಾಡಿ ಬೋಲ್ಟಿನ ಜಾಗವನ್ನೂ ತಿನ್ನುತ್ತದೆ. ಅಲ್ಲಿಗೆ ಕೈ ಹಾಕಬೇಕಾದರೆ ಅಂಟು ಬಿಡಿಸಿ ಪ್ಯಾನೆಲ್ ಕಳಚಬೇಕು. ಈ ಎರಡೂ ಬಗೆಗಳಲ್ಲಿ ಹುದುಗುಫಲಕಗಳಿರುತ್ತವೆ. ಗಾತ್ರದಲ್ಲಿ ಚಿಕ್ಕವಾದರೂ ದುರಸ್ತಿಗೆ ಅತಿ ಕಿರಿಕಿರಿಯ ಭಾಗ ಅವೇ.

ಫೈಬರ್ ಹಲಗೆಯ ಹೊರಪದರ ಬಣ್ಣ ಬೆರೆತ ಜೆಲ್‌ಕೋಟ್. ಒಳಗೆ ಕತ್ತರಿಸಿದ ನಾರಿನ ಮ್ಯಾಟ್ ಪದರಗಳು. ಒಂದು ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಮ್ಯಾಟ್ ಸಾಮಾನ್ಯ ಬಳಕೆಯಲ್ಲಿದೆ.

ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ತಾಗಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಇದ್ದರೆ ಅದರ ವೇಗ ಹೆಚ್ಚುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಬಯಲಲ್ಲಿದ್ದರೆ ಅದು ಹೊಪ್ಪಳೆಯಾಗಿ ಉದುರುತ್ತದೆ. ಫೈಬರ್ ಪದರಗಳ ನಡುವೆ ಸಿಕ್ಕಿದ್ದರೆ ಪದರಗಳನ್ನೇ ಸೀಳುತ್ತದೆ. ಕೀಲಿನ ಸುತ್ತ ಜೆಲ್‌ಕೋಟಿನಲ್ಲಿ ನಕ್ಷತ್ರದಾಕಾರದ ಬಿರುಕು ಕಂಡರೆ ಅದು ಡಿಕ್ಕಿಯ ಗುರುತೂ ಆಗಿರಬಹುದು, ಒಳಗೆ ಹುದುಗುಫಲಕ ಉಬ್ಬಿದ ಗುರುತೂ ಆಗಿರಬಹುದು.

ಉಕ್ಕು ಮತ್ತು ಫೈಬರ್‌ಗ್ಲಾಸ್ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಮ್ಯಾಟ್ ಮತ್ತು ಪಾಲಿಯೆಸ್ಟರಿನ ಹಲಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಈ ಎಳೆದಾಟ ವರ್ಷಗಟ್ಟಲೆ ನಡೆದಾಗ ಎರಡರ ನಡುವಿನ ಹಿಡಿತ ಬಿಡುತ್ತದೆ. ಪಾಲಿಯೆಸ್ಟರ್ ರೆಸಿನ್ ಮೊದಲೇ ಉಕ್ಕನ್ನು ಗಟ್ಟಿಯಾಗಿ ಹಿಡಿಯುವಂಥದ್ದಲ್ಲ. ಬಿಟ್ಟ ಕೂದಲೆಳೆಯ ಸಂದಿಯಲ್ಲಿ ನೀರು ತಾನೇ ಏರಿ ಹರಡುತ್ತದೆ, ಆದರೆ ಬೇಗ ಆರುವುದಿಲ್ಲ. ಕತ್ತರಿಸಿ ಹಾಗೇ ಬಿಟ್ಟ ಹಲಗೆಯ ಅಂಚಿನಲ್ಲಿ ಬರಿಯ ನಾರುಗಳೂ ಬತ್ತಿಯಂತೆ ನೀರು ಹೀರುತ್ತವೆ.

ಪೆಟ್ಟಿಗೆಯಾಕಾರದ ಚಾಸಿ ಕೊಳವೆ ಒಳಗಿನಿಂದ ಹೊರಗೆ ಸವೆಯುತ್ತದೆ. ನೀರು ಇಳಿಯುವ ತೂತು ಮುಚ್ಚಿಹೋಗಿ ಒಳಗಿನ ಕೆಳಮೈಯಲ್ಲಿ ತೇವ ನಿಂತರೆ, ಹೊರಗೆ ಬಳಿದ ಕಪ್ಪು ಬಣ್ಣ ಕೊನೆಯವರೆಗೂ ಏನನ್ನೂ ಹೇಳುವುದಿಲ್ಲ.

ಸೊಲ್ಲಾಪುರ–ಅಕ್ಕಲಕೋಟದ ಮಣ್ಣು ಮತ್ತು ಹವೆ

ತುಕ್ಕು ಎಲ್ಲಿ, ಹೇಗೆ ಹಿಡಿಯುತ್ತದೆ ಎಂಬುದು ಊರಿನ ಮಣ್ಣು ಮತ್ತು ಹವೆಯನ್ನೂ ಅವಲಂಬಿಸುತ್ತದೆ; ಅದಕ್ಕೊಂದು ಉದಾಹರಣೆ ಈ ಸೀಮೆ. ಸೊಲ್ಲಾಪುರ ಮತ್ತು ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟ ಸಹ್ಯಾದ್ರಿಯ ಮಳೆನೆರಳಿನ ನಾಡು. ಮಳೆ ಕಡಿಮೆ, ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕರಾವಳಿಯ ಉಪ್ಪುಗಾಳಿ ಇಲ್ಲಿಗೆ ಮುಟ್ಟದು. ಇಲ್ಲಿನ ಕಾರಿಗೆ ತುಕ್ಕಿನ ಭಯವಿಲ್ಲ ಎಂಬ ನಂಬಿಕೆ ಬೆಳೆದದ್ದು ಇದರಿಂದಲೇ. ಮಾಡು ಮತ್ತು ಬಾಗಿಲಿನ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಚಾಸಿಯ ಮಟ್ಟಿಗೆ ನಿಜವಲ್ಲ.

ಕಾರಣ ಎರೆಮಣ್ಣು. ಭೀಮಾ, ಸೀನಾ, ಬೋರಿ ನದಿಗಳ ಈ ಕಪ್ಪು ನೆಲದ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಹಿಂಗಾರಿಗೆ ತಿರುಗುವ ಸೆಪ್ಟೆಂಬರ್ ಮಳೆಯಲ್ಲಿ, ಹೊಲದ ದಾರಿ ಹಿಡಿದ ಗಾಡಿಯ ಚಾಸಿಯ ಮೇಲ್ಭಾಗ, ಸ್ಪ್ರಿಂಗ್ ಕೊಂಡಿ, ಬಾಡಿ ಬೋಲ್ಟಿನ ಸುತ್ತ ಈ ಮಣ್ಣು ಮೆತ್ತಿಕೊಳ್ಳುತ್ತದೆ. ಹೊರಗೆ ಒಣಗಿದಂತೆ ಕಂಡರೂ ಉಕ್ಕಿಗೆ ತಾಗಿದ ಒಳಪದರ ವಾರಗಟ್ಟಲೆ ತೇವವಾಗಿರುತ್ತದೆ. ಮಣ್ಣಿನ ಗಂಟಿನ ಅಡಿ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದ ಒಂದೇ ಲೋಹದ ಮೇಲೆ ಸಣ್ಣ ವಿದ್ಯುತ್ ಕೋಶ ಏರ್ಪಟ್ಟು, ಗಂಟಿನ ಅಡಿಯ ಉಕ್ಕು ಕುಳಿಬೀಳುತ್ತದೆ. ಒದ್ದೆ ಎರೆಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುವುದರಿಂದ ಈ ಕ್ರಿಯೆಗೆ ಅಡ್ಡಿಯೂ ಕಡಿಮೆ. ಫೈಬರ್ ಕಾರಿನಲ್ಲಿ ಬಾಡಿ ಮತ್ತು ಚಾಸಿಯ ನಡುವಿನ ಇಕ್ಕಟ್ಟಿಗೆ ಪೈಪಿನ ನೀರು ಸರಿಯಾಗಿ ತಲುಪದ ಕಾರಣ ಅಲ್ಲಿ ಕೂತ ಮಣ್ಣು ಬಾಡಿ ಎತ್ತುವ ತನಕ ಕದಲುವುದಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಬಿಟ್ಟರೆ ಲವಣದ ಪೊರೆಯೂ ಜೊತೆಗೆ ಉಳಿಯುತ್ತದೆ.

ಬೇಸಿಗೆಯ ಬಿಸಿಲಿನ ಕೆಲಸ ಬೇರೆ. ಹಗಲಿಡೀ ಬಿಸಿಲಲ್ಲಿ ನಿಂತ ಕಾರಿನ ಹೊರಮೈ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅಂಟಿನ ಜಾಗ ಬಿಡುವುದಕ್ಕೂ ಜೆಲ್‌ಕೋಟ್ ಸುಣ್ಣದಂತೆ ಬಿಳಿಚಿಕೊಳ್ಳುವುದಕ್ಕೂ ಇದು ಕಾರಣ. ಈ ಸೀಮೆಯಲ್ಲಿ ಬೇಸಿಗೆ ಸಂದಿ ತೆರೆಯುತ್ತದೆ, ಮಳೆಗಾಲ ಅದನ್ನು ತುಂಬುತ್ತದೆ.

ಪರೀಕ್ಷೆ

ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡುವುದು ಹಳೆಯ ವಿಧಾನ, ಇಂದಿಗೂ ನಂಬಬಹುದಾದದ್ದು. ಗಟ್ಟಿ ಉಕ್ಕು ಝಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಚೂಪು ದಬ್ಬಳದಿಂದ ಒತ್ತಬೇಕು. ಫೈಬರ್ ಮೈಯ ಮೇಲೆ ಅಯಸ್ಕಾಂತ ಸರಿಸಿದರೆ ಹುದುಗುಫಲಕ ಇರುವಲ್ಲಿ ಅದು ಎಳೆಯುತ್ತದೆ. ರಚನಾಚಿತ್ರವಿಲ್ಲದ ಕಾರಿನಲ್ಲಿ ಎಲ್ಲಿ ಉಕ್ಕಿದೆ ಎಂಬ ನಕ್ಷೆಯನ್ನು ಹೀಗೆ ತಯಾರಿಸುತ್ತಾರೆ. ನೀರಿನ ತೂತಿನಿಂದ ತೂರಿಸುವ ತೆಳು ಕ್ಯಾಮೆರಾ ಕೊಳವೆಯ ಒಳಗನ್ನು ತೋರಿಸುತ್ತದೆ. ಅಲ್ಟ್ರಾಸೌಂಡ್ ಮಾಪಕ ಉಳಿದ ಲೋಹದ ದಪ್ಪವನ್ನು ಹೇಳುತ್ತದೆ.

ಹೊರಗಿನ ಲಕ್ಷಣಗಳೂ ಉಂಟು: ಜೋಡಣೆಯ ಗೆರೆಯಲ್ಲಿ ಒಸರಿದ ಕಂದು ಕಲೆ, ಬಾಗಿಲು ಜೋತುಬಿದ್ದು ಸಂದಿ ಮೇಲೊಂದು ಕೆಳಗೊಂದು ಅಳತೆಯಾಗಿರುವುದು, ಕಾರನ್ನು ಜಾಕ್ ಮೇಲೆ ಎತ್ತಿದಾಗ ಬಾಗಿಲು ಬಿಗಿಯಾಗುವುದು. ಕೊನೆಯದು ಕಂಡರೆ ಚಾಸಿ ಬಾಗುತ್ತಿದೆ ಎಂದೇ ತಿಳಿಯಬೇಕು. ಅಂಥ ಕಾರನ್ನು ರಸ್ತೆಗೆ ಇಳಿಸಬಾರದು. ಚಾಸಿಯ ಕರ್ಣಗಳನ್ನು ಎರಡು ಬದಿಯಿಂದ ಅಳೆದು ಹೋಲಿಸಿದ ಮೇಲೆಯೇ ದುರಸ್ತಿ ಯೋಗ್ಯವೋ ಅಲ್ಲವೋ ಎಂಬ ತೀರ್ಮಾನ.

ಬಾಡಿ ಕಳಚುವಿಕೆ

ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ವೈರಿಂಗ್, ಸ್ಟಿಯರಿಂಗ್ ದಂಡ ಮತ್ತು ಬ್ರೇಕ್ ಕೊಳವೆಗಳನ್ನು ಬೇರ್ಪಡಿಸಿದ ಮೇಲೆ ಬಾಡಿ ಬೋಲ್ಟುಗಳ ಸರದಿ. ಹಳೆ ಕಾರಿನಲ್ಲಿ ಇವು ಜಂಗು ಹಿಡಿದು ಕೂತಿರುತ್ತವೆ. ತಗಡಿನ ಕಾರಿನಲ್ಲಿ ಗ್ಯಾಸ್ ಬೆಂಕಿ ಹಿಡಿದು ಬಿಡಿಸುವ ರೂಢಿಯಿದೆ. ಇಲ್ಲಿ ಅದು ಸಲ್ಲದು. ಸಾಮಾನ್ಯ ಪಾಲಿಯೆಸ್ಟರ್ ಹಲಗೆ 100 ಡಿಗ್ರಿಯ ಒಳಗೇ ಮೆತ್ತಗಾಗತೊಡಗುತ್ತದೆ, ಬೆಂಕಿ ತಗುಲಿದರೆ ಕಪ್ಪು ಹೊಗೆಯೊಡನೆ ಉರಿಯುತ್ತದೆ. ಒಳಸೇರುವ ಎಣ್ಣೆ ಹಾಕಿ ಕೆಲವು ದಿನ ಬಿಟ್ಟು ತಿರುಗಿಸುವುದು, ಆಗದಿದ್ದರೆ ಬೋಲ್ಟಿನ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯುವುದು ಸರಿಯಾದ ದಾರಿ. ರಬ್ಬರ್ ಬಿಲ್ಲೆ ಮತ್ತು ತೆಳು ತಗಡುಗಳ ದಪ್ಪವನ್ನು ಜಾಗಜಾಗಕ್ಕೆ ಬರೆದಿಡಬೇಕು. ಕಾರ್ಖಾನೆಯಲ್ಲಿ ಬಾಡಿಯ ಓರೆಕೋರೆಯನ್ನು ಸರಿದೂಗಿಸಿದ್ದು ಆ ತಗಡುಗಳಿಂದಲೇ.

ಚಾಸಿಯಿಂದ ಬೇರ್ಪಟ್ಟ ಬಾಡಿ ತನ್ನ ಆಕಾರವನ್ನು ತಾನೇ ಹಿಡಿದಿಡಲಾರದು. ಬಾಗಿಲಿನ ಖಾಲಿ ಜಾಗಕ್ಕೆ ಅಡ್ಡ ಕೊಳವೆ ಬಿಗಿದು, ಸಮತಟ್ಟಾದ ಮರದ ಚೌಕಟ್ಟಿನ ಮೇಲೆ ನೆರಳಿನಲ್ಲಿ ಇಡುತ್ತಾರೆ. ಸೊಲ್ಲಾಪುರದ ಬೇಸಿಗೆಯಲ್ಲಿ ಬಯಲಿಗೆ ಬಿಟ್ಟರೆ ಅದು ಜೋತು ಸೊಟ್ಟಗಾಗುವ ಸಂಭವವಿದೆ.

ಉಕ್ಕಿನ ದುರಸ್ತಿ

ಮೊದಲ ಕೆಲಸ ಮಣ್ಣು ತೆಗೆಯುವುದು. ಒಣ ಎರೆಮಣ್ಣನ್ನು ಕೆರೆಯುವುದಕ್ಕಿಂತ ನೆನೆಸಿ, ಒತ್ತಡದ ನೀರಿನಿಂದ ಕೊಳವೆಯ ಒಳಗೂ ತೊಳೆದು, ಪೂರ್ತಿ ಒಣಗಿಸುವುದು ಸುಲಭ. ಬಳಿಕ ತಂತಿಗಾಲಿ ಅಥವಾ ಒತ್ತಡದ ಗಾಳಿಯಲ್ಲಿ ಹರಳು ಚಿಮ್ಮಿಸುವ ಬ್ಲಾಸ್ಟಿಂಗ್‌ನಿಂದ ಬರಿಯ ಲೋಹ ಕಾಣುವ ತನಕ ಸ್ವಚ್ಛಮಾಡಬೇಕು. ಬ್ಲಾಸ್ಟಿಂಗ್ ಚಾಸಿಗೆ ಮಾತ್ರ. ಫೈಬರ್ ಮೈಗೆ ತಾಗಿದರೆ ಜೆಲ್‌ಕೋಟ್ ಹಾರಿ ನಾರು ಬಿಚ್ಚಿಕೊಳ್ಳುತ್ತದೆ. ನದಿ ಮರಳಿನ ಬದಲು ಗಾರ್ನೆಟ್ ಅಥವಾ ಉಕ್ಕಿನ ಹರಳು ಬಳಸಬೇಕು, ಏಕೆಂದರೆ ಮರಳಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾರಕ.

ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುವ ತುಕ್ಕು ಪರಿವರ್ತಕಗಳು ಮೇಲ್ಪದರದ ತೆಳು ತುಕ್ಕಿಗೆ ಸರಿ. ಹೊಪ್ಪಳೆ ಎದ್ದ ಲೋಹದ ಮೇಲೆ ಬಳಿದರೆ ಮೇಲೆ ಕಪ್ಪಾಗಿ, ಅಡಿಯಲ್ಲಿ ತುಕ್ಕು ಮುಂದುವರಿಯುತ್ತದೆ. ಪುಟ್ಟಿ ತುಂಬಿ ಬಣ್ಣ ಬಳಿಯುವುದನ್ನು ಚಾಸಿಯ ವಿಷಯದಲ್ಲಿ ದುರಸ್ತಿ ಎನ್ನಲಾಗದು.

ಕತ್ತರಿಸುವಾಗ ಗಟ್ಟಿ ಲೋಹ ಸಿಗುವವರೆಗೂ ಹೋಗಬೇಕು. ತೆಳುವಾಗಿ ಉಳಿದ ಅಂಚಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ತೂತು ಬೀಳುತ್ತದೆ. ಕತ್ತರಿಸುವ ಮುನ್ನವೇ ಚಾಸಿಯನ್ನು ಗಟ್ಟಿ ಮೇಜಿಗೆ ಬಿಗಿದು ಅಡ್ಡಪಟ್ಟಿಗಳಿಂದ ಕಟ್ಟಿಡುವುದು ಕಡ್ಡಾಯ. ಹೊಸ ತುಂಡು ಮೂಲದಷ್ಟೇ ದಪ್ಪದ ಮೆದು ಉಕ್ಕಿನದಾಗಿರಬೇಕು. ಭಾರತೀಯ ಮಾನಕ ಐಎಸ್ 2062ರ ಉಕ್ಕು ಎಲ್ಲೆಡೆ ಸಿಗುತ್ತದೆ. ಇನ್ನೂ ದಪ್ಪ ಹಾಕಿದರೆ ಗಟ್ಟಿ ಎಂಬ ಲೆಕ್ಕ ತಪ್ಪು: ದಪ್ಪ ಮತ್ತು ತೆಳು ಸೇರುವ ಗೆರೆಯಲ್ಲಿ ಒತ್ತಡ ಕೂಡಿ ಅಲ್ಲೇ ಬಿರುಕು ಬಿಡುತ್ತದೆ. ತೇಪೆಯ ಮೂಲೆಗಳನ್ನು ದುಂಡಾಗಿಸಿ, ಅಂಚಿಗೆ ಅಂಚು ಸೇರಿಸಿ ಬೆಸೆಯಬೇಕು. ಹಳೆಯದರ ಮೇಲೆ ಹೊಸ ತಗಡು ಹೊದಿಸಿದರೆ ನಡುವಿನ ಸಂದಿ ಮುಂದಿನ ತುಕ್ಕಿನ ಮನೆಯಾಗುತ್ತದೆ. ಗ್ಯಾರೇಜುಗಳಲ್ಲಿ ‘ಸಿಓಟು’ ಎನ್ನುವ ತಂತಿ ವೆಲ್ಡಿಂಗ್ ಇದಕ್ಕೆ ಒಪ್ಪುತ್ತದೆ. ಒಂದೇ ಉಸಿರಿಗೆ ಉದ್ದ ಗೆರೆ ಎಳೆಯದೆ, ಎದುರುಬದುರಾಗಿ ಸಣ್ಣ ಸಣ್ಣ ಹೊಲಿಗೆ ಹಾಕಿದರೆ ಚಾಸಿ ತಿರುಚುವುದಿಲ್ಲ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಂತಹ ಜವಳಿ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಗಳ ಉಕ್ಕಿನ ಕೆಲಸದ ಕೈಗಳಿಗೆ ಇದರಲ್ಲಿ ಹೊಸತೇನಿಲ್ಲ. ಹೊಸತೇನಾದರೂ ಇದ್ದರೆ ಅದು ಪಕ್ಕದಲ್ಲೇ ಇರುವ ಫೈಬರಿಗೆ ಕಿಡಿ ಹಾರದಂತೆ ನೋಡಿಕೊಳ್ಳುವುದು.

ಹುದುಗುಫಲಕ ಮತ್ತು ಫೈಬರ್ ಪದರ

ತುಕ್ಕು ಹಿಡಿದ ಹುದುಗುಫಲಕವನ್ನು ಹೊರಗಿನಿಂದಲ್ಲ, ಕಾಣದ ಒಳಮೈಯಿಂದ ಪದರ ಬಿಡಿಸಿ ತೆಗೆಯುತ್ತಾರೆ. ಹೊಸ ಫಲಕ ಸತು ಲೇಪಿಸಿದ್ದೋ ಸ್ಟೇನ್‌ಲೆಸ್ ಉಕ್ಕಿನದೋ ಆಗಿದ್ದು, ಅದರಲ್ಲಿ ಹಲವು ತೂತು ಕೊರೆದಿರಬೇಕು. ರೆಸಿನ್ ತೂತುಗಳೊಳಗೆ ಇಳಿದು ಹಿಡಿಯುವುದರಿಂದ ಅಂಟಿನ ಮೇಲಷ್ಟೇ ಭಾರ ಬೀಳುವುದಿಲ್ಲ. ಫಲಕವನ್ನು ಎಪಾಕ್ಸಿಯಲ್ಲಿ ಕೂರಿಸುವುದು ಉತ್ತಮ. ಉಕ್ಕು ಮತ್ತು ಹಳೆ ಪಾಲಿಯೆಸ್ಟರ್ ಎರಡನ್ನೂ ಅದು ಹಿಡಿಯುತ್ತದೆ. ಆದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಪದರ ಸರಿಯಾಗಿ ಗಟ್ಟಿಯಾಗದು, ಆದ್ದರಿಂದ ಆ ಜಾಗವನ್ನು ಕೊನೆಯವರೆಗೂ ಎಪಾಕ್ಸಿಯಲ್ಲೇ ಮುಗಿಸಬೇಕು.

ಉಳಿದ ಸೀಳು ಮತ್ತು ಬಿರುಕುಗಳಿಗೆ ಪಾಲಿಯೆಸ್ಟರ್ ಸಾಕು. ಅಂಚನ್ನು ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ತಿಕ್ಕಿ, ಅಸಿಟೋನಿನಿಂದ ಒರೆಸಿ, ಮ್ಯಾಟ್ ಪದರಗಳನ್ನು ಕೂರಿಸುತ್ತಾರೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಹಿಡಿಸುತ್ತದೆ. ಗಾಳಿಗುಳ್ಳೆಗಳನ್ನು ರೋಲರಿನಿಂದ ಹೊರಡಿಸಬೇಕು. ಹಾರ್ಡನರ್ ಪ್ರಮಾಣ ರೆಸಿನ್ನಿನ ಶೇ. 1ರಿಂದ 2. ಸೊಲ್ಲಾಪುರದ ಮೇ ತಿಂಗಳ ಮಧ್ಯಾಹ್ನ ಶೇ. 2 ಹಾಕಿದರೆ ಬ್ರಷ್ ಎತ್ತುವ ಮುಂಚೆ ಡಬ್ಬಿಯಲ್ಲೇ ಗಟ್ಟಿಯಾಗಿ ಹೊಗೆಯಾಡುತ್ತದೆ. ಬೇಸಿಗೆಯಲ್ಲಿ ಶೇ. 1ರ ಆಸುಪಾಸು, ಬೆಳಗಿನ ಹೊತ್ತು ಮತ್ತು ಸಣ್ಣ ಸಣ್ಣ ಕಲಸು ಕ್ಷೇಮ. ಮಳೆಗಾಲದ ಒದ್ದೆ ಗಾಳಿಯಲ್ಲಿ ಕೆಲಸ ಮುಂದೂಡುವುದೇ ಲೇಸು.

ಮರುರಕ್ಷಣೆ

ಬಾಡಿ ಮೇಲಿಲ್ಲದ ಹೊತ್ತಿನಲ್ಲಿ ಚಾಸಿಗೆ ಬಿಸಿ ಸತುವಿನ ಅದ್ದು ಹಾಕಿಸುವುದು ದೀರ್ಘ ಬಾಳಿಕೆಯ ಉಪಾಯ. ಸುಮಾರು 450 ಡಿಗ್ರಿಯ ಸತುವಿನಲ್ಲಿ ಮುಳುಗಿಸಿದಾಗ ಒಳಗೂ ಹೊರಗೂ ಲೇಪ ಕೂರುತ್ತದೆ. 1.5ರಿಂದ 3 ಮಿ.ಮೀ. ದಪ್ಪದ ಉಕ್ಕಿಗೆ ಅಂತರರಾಷ್ಟ್ರೀಯ ಮಾನಕ ಸರಾಸರಿ 55 ಮೈಕ್ರಾನ್ ಲೇಪ ಬೇಡುತ್ತದೆ. ಮುಚ್ಚಿದ ಕೊಳವೆಗೆ ಮೊದಲೇ ಗಾಳಿತೂತು ಕೊರೆಯದಿದ್ದರೆ ಒಳಗಿನ ತೇವ ಆವಿಯಾಗಿ ಸಿಡಿಯಬಹುದು. ತೆಳು ಚಾಸಿ ಬಿಸಿಗೆ ಸೊಟ್ಟಗಾಗುವ ಅಪಾಯವೂ ಇದೆ. ಅದ್ದುವ ಅನುಕೂಲವಿಲ್ಲದೆಡೆ ಸತುವಿನ ಪುಡಿಯುಳ್ಳ ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ, ಕೊಳವೆಯೊಳಗೆ ಸಿಂಪಡಿಸುವ ಮೇಣ ಬಳಸುತ್ತಾರೆ. ಪೌಡರ್ ಕೋಟಿಂಗ್ ಹೊರಗಷ್ಟೇ ಕೂರುವುದರಿಂದ ಒಳಗಿನಿಂದ ಸವೆಯುವ ಕೊಳವೆಗೆ ಅದೊಂದೇ ಸಾಲದು.

ನೀರಿನ ತೂತುಗಳನ್ನು ದೊಡ್ಡದಾಗಿಸಿ ಅತಿ ಕೆಳಗಿನ ಜಾಗಕ್ಕೆ ತರುವುದು, ಗಾಲಿಯ ಹಿಂದೆ ಕೆಸರು ತಡೆಯುವ ರಬ್ಬರ್ ಪರದೆ ಕಟ್ಟುವುದು, ಕತ್ತರಿಸಿದ ಫೈಬರ್ ಅಂಚಿಗೆ ರೆಸಿನ್ ಬಳಿಯುವುದು ಎರೆನಾಡಿಗೆ ವಿಶೇಷವಾಗಿ ಬೇಕಾದ ಕ್ರಮಗಳು. ಇವುಗಳಿಗೆ ತಗಲುವ ಖರ್ಚು ಅಲ್ಪ.

ಸುರಕ್ಷತೆ

ರೆಸಿನ್ನಿನ ಸ್ಟೈರೀನ್ ಆವಿ, ಗಾಜುನಾರಿನ ಧೂಳು, ಸತುವಿನ ಮೇಲೆ ವೆಲ್ಡಿಂಗ್ ಮಾಡುವಾಗಿನ ಬಿಳಿ ಹೊಗೆ ಮೂರೂ ಉಸಿರಿಗೆ ಹಾನಿಕರ. ಪೆರಾಕ್ಸೈಡ್ ಹಾರ್ಡನರ್ ಮತ್ತು ಕೋಬಾಲ್ಟ್ ವೇಗವರ್ಧಕವನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಕಾನೂನು

ಚಾಸಿಯ ಸಂಖ್ಯೆ ಕಾರಿನ ಗುರುತು. ಅದನ್ನು ಕೊರೆದ ತುಂಡನ್ನು ಕತ್ತರಿಸುವುದಾಗಲಿ, ಉಜ್ಜಿ ಅಳಿಸುವುದಾಗಲಿ ಕೂಡದು. ವಾಹನದ ಮಾರ್ಪಾಟಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕುತ್ತದೆ. ಚಾಸಿಯನ್ನೇ ಬದಲಿಸುವುದಾದರೆ ಕಾರು ನೋಂದಣಿಯಾದ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಸೊಲ್ಲಾಪುರದ ಎಂಎಚ್ 13, ವಿಜಯಪುರದ ಕೆಎ 28, ಕಲಬುರಗಿಯ ಕೆಎ 32 ಸಂಖ್ಯೆಯ ಗಾಡಿಗಳು ಒಂದೇ ಗ್ಯಾರೇಜಿಗೆ ಬರಬಹುದಾದ ಗಡಿನಾಡಿನಲ್ಲಿ ಈ ಮಾತನ್ನು ಕೆಲಸಕ್ಕೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಬಳಿಕ 5 ವರ್ಷಕ್ಕೊಮ್ಮೆ ತಪಾಸಣೆಯೊಡನೆ ನವೀಕರಣಗೊಳ್ಳುತ್ತದೆ.

2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ, ವಾಣಿಜ್ಯ ಬಳಕೆಯಲ್ಲದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಮೊದಲ ವರ್ಷದ ಡಾಲ್ಫಿನ್‌ಗಳು ಈ ವಯಸ್ಸು ಮುಟ್ಟುವುದು 2032ರಲ್ಲಿ. ಚಾಸಿಯಲ್ಲಿ ದೊಡ್ಡ ಬದಲಾವಣೆ ಮಾಡಿದ ಕಾರಿಗೆ ಈ ಅವಕಾಶ ಸಿಗುವುದಿಲ್ಲ. ಹೊಸ ಚಾಸಿ ಕಟ್ಟುವುದಕ್ಕಿಂತ ಹಳೆಯದನ್ನೇ ತುಂಡುತುಂಡಾಗಿ ಉಳಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇಂದಿನ ಸ್ಥಿತಿ

ಸಿಪಾನಿ ಈಗ ಕಾರು ತಯಾರಿಸುವುದಿಲ್ಲ; ಕಂಪನಿಯ ಚಾಸಿಯಾಗಲಿ ಬಾಡಿ ಅಚ್ಚುಗಳಾಗಲಿ ಮಾರಾಟಕ್ಕಿಲ್ಲ. ಕಾರ್ವೆಟ್ ಮತ್ತು ಲೋಟಸ್ ಕಾರುಗಳಿಗೆ ವಿದೇಶದಲ್ಲಿ ಸಿದ್ಧ ಚಾಸಿ ಮತ್ತು ಕಂಬದ ತುಂಡುಗಳು ಸಿಗುತ್ತವೆ, ಲೋಟಸ್ಸಿನ ಬದಲಿ ಚಾಸಿ ಸತು ಲೇಪಿಸಿಯೇ ಬರುತ್ತದೆ. ಡಾಲ್ಫಿನ್ನಿಗೆ ಪ್ರತಿ ತುಂಡನ್ನೂ ಅಳೆದು ಕೈಯಲ್ಲೇ ಮಾಡಬೇಕು. ಮೂಲ ವಿನ್ಯಾಸ ಒಂದೇ ಆದ ಕಾರಣ ಇಂಗ್ಲೆಂಡಿನ ರಿಲಯಂಟ್ ಮಾಲೀಕರ ಕೂಟಗಳ ಅಳತೆಗಳು ಸ್ವಲ್ಪ ನೆರವಾಗುತ್ತವೆ. ಬಸ್ ಬಾಡಿ ಮತ್ತು ನೀರಿನ ಟ್ಯಾಂಕುಗಳಿಂದಾಗಿ ಫೈಬರ್ ಕೆಲಸ ಬಲ್ಲವರು ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತಾರೆ, ಚಾಸಿ ಬೆಸೆಯುವವರಿಗೂ ಕೊರತೆಯಿಲ್ಲ. ಎರಡನ್ನೂ ಬಲ್ಲ ಒಬ್ಬನೇ ಕೆಲಸಗಾರ ಅಪರೂಪವಾದ್ದರಿಂದ ಕಾರು ಎರಡು ಗ್ಯಾರೇಜುಗಳ ನಡುವೆ ಓಡಾಡುತ್ತದೆ. ಬಾಡಿ ಮರುಜೋಡಣೆಯ ಅಳತೆಗಳು ತಪ್ಪುವುದು ಬಹುಪಾಲು ಈ ಓಡಾಟದಲ್ಲಿ.